ವೈನಿಗೆ ಬೇಕಿದ್ದ ನಾಲ್ಕು ದಿನ

ಹೋದ ತಿಂಗಳು ಮಾಟುಂಗದ ಮಾರ್ಕೆಟ್ಟಿನಲ್ಲಿ ಬಾಳೆ ಎಲೆ ಆರಿಸುತ್ತಾ ನಿಂತಿದ್ದೆ. ಪಕ್ಕದ ಅಂಗಡಿಯ ಹಿಂಬದಿಯಲ್ಲಿ ಯಾರೋ ಗುರೆಳ್ಳು ಹುರಿಯುತ್ತಿದ್ದರು. ನಮ್ಮ ಮೈಸೂರು ಕಡೆ ಹುಚ್ಚೆಳ್ಳು ಅನ್ನುತ್ತೇವಲ್ಲ, ಅದೇ. ಹುರಿಯುವಾಗ ಅದಕ್ಕೊಂದು ವಾಸನೆ ಬರುತ್ತದೆ. ಸ್ವಲ್ಪ ಎಣ್ಣೆ, ಸ್ವಲ್ಪ ಹೊಗೆ, ಇನ್ನೊಂದು ನಿಮಿಷ ಬಿಟ್ಟರೆ ಸೀದೇ ಹೋಯಿತು ಅನ್ನುವಂಥ ವಾಸನೆ. ಮೂಗಿಗೆ ಬಡಿದದ್ದೇ ತಡ, ನಿಂತಲ್ಲೇ ನಿಂತುಬಿಟ್ಟೆ. ಎಲೆ ಮಾರುವವಳು ನನ್ನ ಮುಖ ನೋಡಿ ತನ್ನ ಮಣೆ ಬಿಟ್ಟುಕೊಟ್ಟು, "ಬೈಠೋ ಮಾಜಿ" ಅಂದಳು. ಕೂತೆ. ಐವತ್ತು ವರ್ಷದ ಹಿಂದೆ ನನ್ನದೇ ಅಡಿಗೆಮನೆಯಲ್ಲಿ, ನನ್ನದೇ ಬಾಣಲೆಯಲ್ಲಿ, ಬಾಗಿಲು ಹಾಕಿಕೊಂಡು ಕದ್ದುಮುಚ್ಚಿ ಗುರೆಳ್ಳು ಹುರಿಯುತ್ತಿದ್ದ ಒಬ್ಬ ಹೆಂಗಸು ನೆನಪಾಗಿದ್ದರು.

ಅವರನ್ನು ನಾನು ವೈನಿ ಅನ್ನುತ್ತಿದ್ದೆ. ಬಿಜಾಪುರದ ಕಡೆಯವರು. ಅಲ್ಲಿ ಅಣ್ಣನ ಹೆಂಡತಿಯನ್ನು ಹಾಗೆ ಕರೆಯುತ್ತಾರಂತೆ. ಮೊದಲ ದಿನ ನಾನು ಅತ್ತಿಗೆ ಅಂದಾಗ ಅವರು ನಕ್ಕು, "ವೈನಿ ಅನ್ನು ತಂಗಿ. ಅತ್ತಿಗಿ ಅಂದ್ರ ಹಿಂದ ಮತ್ಯಾರೋ ನಿಂತಾರೇನೋ ಅಂತ ತಿರುಗಿ ನೋಡ್ತೀನಿ" ಅಂದರು. ಸರಿ, ಅವರು ವೈನಿಯಾದರು, ಅವರ ಗಂಡ ತಾನಾಗಿಯೇ ಅಣ್ಣ ಆದರು. ನಮ್ಮ ಮನೆಗೆ ಅವರು ಎದುರು ಮನೆಯವರು, ಅಷ್ಟೇ ಸಂಬಂಧ. ಆದರೆ ಮುಂಬಯಿಯಲ್ಲಿ ಎದುರು ಮನೆ ಅಂದರೆ ಏನು ಅನ್ನುವುದು ಅಲ್ಲಿ ಬಾಳಿದವರಿಗೇ ಗೊತ್ತು.

ಅರವತ್ತರ ದಶಕದ ಕೊನೆಯ ಹೊತ್ತಿಗೆ ಮದುವೆಯಾಗಿ ವಡಾಲದ ಆ ಬಿಲ್ಡಿಂಗಿಗೆ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ಮೂರನೇ ಮಾಳಿಗೆ. ಒಂದು ಖೋಲಿ, ಒಂದು ಅಡಿಗೆಮನೆ, ಹೊರಗೆ ಉದ್ದನೆಯ ಪ್ಯಾಸೇಜು, ಪ್ಯಾಸೇಜಿನ ಆ ಕಡೆ ಅವರ ಬಾಗಿಲು, ಈ ಕಡೆ ನಮ್ಮದು. ನಮ್ಮವರಿಗೆ ಔಷಧದ ಕಂಪನಿಯಲ್ಲಿ ಕೆಲಸ, ತಿಂಗಳಲ್ಲಿ ಹದಿನೈದು ದಿನ ಟೂರು. ನನಗೆ ಹಿಂದಿ ಬರುತ್ತಿರಲಿಲ್ಲ, ಮರಾಠಿಯಂತೂ ಕೇಳಲೇಬೇಡಿ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಏಳುವುದು, ಲೋಕಲ್ ಟ್ರೈನಿನಲ್ಲಿ ಯಾವ ಕಡೆ ಇಳಿಯಬೇಕೆಂದು ಮೊದಲೇ ತಿಳಿದು ಬಾಗಿಲ ಹತ್ತಿರ ಸರಿಯುವುದು, ರೇಷನ್ ಅಂಗಡಿಯವನಿಗೆ ಜೋರು ಮಾಡುವುದು, ಎಲ್ಲ ಕಲಿಸಿದ್ದು ವೈನಿ. ನಾನು ಸ್ವಭಾವತಃ ಪುಕ್ಕಲಿ. ಬಾಯಿ ಜೋರು, ಎದೆ ಇಲ್ಲ. ಅದನ್ನು ಅವರು ಒಂದು ವಾರದಲ್ಲೇ ಕಂಡುಹಿಡಿದರು.

ಅವರ ಮನೆ ಮನೆಯಾಗಿರಲಿಲ್ಲ, ಛತ್ರವಾಗಿತ್ತು. ಬಿಜಾಪುರ ಜಿಲ್ಲೆಯಿಂದ ಮುಂಬಯಿಗೆ ಬರುವವರಿಗೆಲ್ಲ ಅದೇ ವಿಳಾಸ. ಇಂಟರ್‌ವ್ಯೂಗೆ ಬಂದವರು, ಕಣ್ಣಿನ ಆಪರೇಷನ್ನಿಗೆ ಬಂದವರು, ಹೆಣ್ಣು ನೋಡಲು ಬಂದವರು, ಸುಮ್ಮನೆ ಸಮುದ್ರ ನೋಡಲು ಬಂದವರು. ಎಲ್ಲರೂ ನೆಂಟರೇ ಅಂತೇನಿಲ್ಲ. ಅಣ್ಣನ ಊರಿನ ಪಕ್ಕದ ಊರಿನವರಾಗಿದ್ದರೂ ಸಾಕು, ಟ್ರಂಕು ಇಳಿಸಿ, "ರಾಯರ ಮನಿ ಇದs ಏನ್ರಿ?" ಅಂತ ಬಾಗಿಲಲ್ಲಿ ನಿಲ್ಲುತ್ತಿದ್ದರು. ರಾತ್ರಿ ಹೆಂಗಸರು ಖೋಲಿಯಲ್ಲಿ, ಗಂಡಸರು ಅಣ್ಣನ ಜೊತೆ ಪ್ಯಾಸೇಜಿನಲ್ಲಿ. ವೈನಿ ಅಡಿಗೆಮನೆಯಲ್ಲಿ ಒಲೆಯ ಪಕ್ಕ ಸೆರಗು ಹಾಸಿಕೊಂಡು. ಬೆಳಿಗ್ಗೆ ಎದ್ದು ಬಂದ ಪೇಷಂಟನ್ನು ಕರೆದುಕೊಂಡು ದವಾಖಾನೆಗೆ ಹೊರಡುವವರೂ ಅವರೇ. ಯಾವ ಆಸ್ಪತ್ರೆಯಲ್ಲಿ ಯಾವ ವಾರ ಯಾವ ಡಾಕ್ಟರು, ಎಷ್ಟು ಗಂಟೆಗೆ ಕ್ಯೂ ಹಚ್ಚಬೇಕು, ಯಾವ ಕಿಟಕಿಯಲ್ಲಿ ಕೇಸ್ ಪೇಪರು ಕೊಡುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ವಾರ್ಡ್‌ಬಾಯ್‌ಗಳು ಅವರನ್ನು ಕಂಡರೆ "ಆಜ್ ಕೌನ್ ಆಯಾ, ಬಾಯಿ?" ಅಂತ ಕೇಳುತ್ತಿದ್ದರಂತೆ.

ಮಕ್ಕಳಿರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ಒಂದು ಸಲ ಅಕ್ಕಿ ಆರಿಸುತ್ತಾ ಕೂತಾಗ, ಮಾತಿಗೆ ಮಾತು ಬಂದು, ಈ ಹದಿನಾಲ್ಕು ವರ್ಷದಲ್ಲಿ ತಾವಿಬ್ಬರೇ ಮನೆಯಲ್ಲಿದ್ದ ರಾತ್ರಿಗಳನ್ನು ಅವರು ಬೆರಳು ಮಡಿಸಿ ಎಣಿಸಿದರು. ಎರಡು ಕೈಯ ಬೆರಳು ಬೇಕಾಗಲಿಲ್ಲ. ಅದನ್ನು ದುಃಖದಿಂದ ಹೇಳಿದರು ಅಂತೇನಲ್ಲ. ಅಕ್ಕಿಯಲ್ಲಿ ಕಲ್ಲು ಸಿಕ್ಕಿತು ಅನ್ನುವ ಹಾಗೆ ಹೇಳಿ ಮತ್ತೆ ಅಕ್ಕಿ ಆರಿಸತೊಡಗಿದರು.

ಅಣ್ಣ ಬಂದರಿನ ಹತ್ತಿರದ ಒಂದು ಗೋದಾಮು ಕಂಪನಿಯಲ್ಲಿ ಹೆಡ್ ಕ್ಲಾರ್ಕು. ಆ ಕಂಪನಿಯವರು ಘಾಟಿಯ ಮೇಲೆ, ಬೆಟ್ಟಗಳ ನಡುವಿನ ಒಂದು ದೊಡ್ಡ ಕೆರೆಯ ದಂಡೆಯಲ್ಲಿ, ನೌಕರರಿಗಾಗಿ ಎರಡು ಮರದ ಕ್ಯಾಬಿನ್ ಕಟ್ಟಿಸಿದ್ದರು. ಇಗತಪುರಿಯಲ್ಲಿ ರೈಲು ಇಳಿದು, ಎಸ್.ಟಿ. ಬಸ್ಸು ಹಿಡಿದು ಎರಡು ತಾಸು ಹೋಗಬೇಕು. ಅರ್ಜಿ ಹಾಕಿದವರಿಗೆ ಪಾಳಿಯ ಪ್ರಕಾರ ನಾಲ್ಕು ದಿನ ಕೊಡುತ್ತಿದ್ದರು. ಮೊದಲು ಸಾಹೇಬರುಗಳ ಪಾಳಿ, ಆಮೇಲೆ ಉಳಿದವರದು. ವರ್ಷಗಟ್ಟಲೆ ಕಾದ ಮೇಲೆ ಅಣ್ಣನ ಹೆಸರು ಬಂತು. ಡಿಸೆಂಬರಿನಲ್ಲಿ ನಾಲ್ಕು ದಿನ. ಆಫೀಸಿನಲ್ಲಿ ಅದನ್ನು ಕ್ಯಾಬಿನ್ ಅನ್ನುತ್ತಿದ್ದರು. ವೈನಿ ಮಾತ್ರ ಮರದ ಮನಿ ಅನ್ನುತ್ತಿದ್ದರು.

ಅಲ್ಲಿಂದ ಶುರುವಾಯಿತು ನೋಡಿ ಅವರ ತಯಾರಿ. ಅಲ್ಲಿಗೆ ಹೋಗಿಬಂದ ಅಣ್ಣನ ಆಫೀಸಿನ ಟೈಪಿಸ್ಟನ್ನು ಹುಡುಕಿಕೊಂಡು ವಿಲೆ ಪಾರ್ಲೆಗೆ ಹೋದರು, ನನ್ನನ್ನೂ ಎಳೆದುಕೊಂಡು. ಆಕೆ ಚಹಾ ಕೊಟ್ಟಳು, ಇವರು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಎರಡರಲ್ಲಿ ಯಾವ ಮನೆಯ ಜಗುಲಿ ಕೆರೆಗೆ ಎದುರಾಗಿದೆ? ನೀರಿಗೆ ಎಷ್ಟು ಮೆಟ್ಟಿಲು? ಚೌಕೀದಾರ ಹಿಟ್ಟು ಕೊಟ್ಟರೆ ಭಾಕ್ರಿ ಬಡಿದುಕೊಡುತ್ತಾನಾ, ಅಥವಾ ನಾವೇ ಸ್ಟೋವ್ ಒಯ್ಯಬೇಕಾ? ಪಕ್ಕದ ಕ್ಯಾಬಿನ್ನಿನವರು ಬಂದು ಮಾತಿಗೆ ಕೂರುತ್ತಾರಾ? ಆ ಕೊನೆಯ ಪ್ರಶ್ನೆಯನ್ನು ಎರಡು ಸಲ ಕೇಳಿದರು. ಇಲ್ಲ, ಪಕ್ಕದ್ದು ದೂರ ಇದೆ, ಕೂಗಿದರೂ ಕೇಳಿಸುವುದಿಲ್ಲ ಅಂತ ಆಕೆ ಅಂದ ಮೇಲೆ ವೈನಿ ಚಹಾ ಕುಡಿದರು. ವಾಪಸು ಬರುವಾಗ ಲೋಕಲ್‌ನಲ್ಲಿ ನಾನು ಕಿವಿಯಲ್ಲಿ, "ಹನಿಮೂನಾ ವೈನಿ?" ಅಂತ ರೇಗಿಸಿದೆ. "ಹುಚ್ಚಿ" ಅಂದು ನನ್ನ ತೊಡೆಗೆ ಚಿವುಟಿದರು. ಮುಖ ಕೆಂಪಾಗಿತ್ತು.

ಆ ವರ್ಷ ಬೇಸಿಗೆಯಿಂದಲೇ ಸ್ವೆಟರು ಹೆಣೆಯತೊಡಗಿದರು. ಅಣ್ಣನ ಹಳೆಯ ಸ್ವೆಟರು ಬಿಚ್ಚಿ, ಆ ಉಣ್ಣೆಯಿಂದ ತಮಗೊಂದು. ವಡಾಲದ ಮೇ ತಿಂಗಳ ಸೆಕೆಯಲ್ಲಿ, ಬೆವರು ಒರೆಸಿಕೊಳ್ಳುತ್ತಾ, ತೊಡೆಯ ಮೇಲೆ ಉಣ್ಣೆಯ ರಾಶಿ ಹಾಕಿಕೊಂಡು ಕೂತ ಅವರನ್ನು ನೋಡಿ ಮನೆಯಲ್ಲಿದ್ದ ನೆಂಟರು ಕೇಳಿದರೆ, ಊರಿನ ಮೈದುನನ ಮಗನಿಗೆ ಅನ್ನುತ್ತಿದ್ದರು. ಸುಳ್ಳು ಹೇಳುವುದು ಅವರಿಗೆ ಬರುತ್ತಿರಲಿಲ್ಲ. ಹೇಳಿದ ಕೂಡಲೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಆ ನಾಲ್ಕು ದಿನದ ಸುದ್ದಿ ಯಾರಿಗೂ ಗೊತ್ತಾಗಬಾರದು ಅನ್ನುವುದು ಅವರಿಬ್ಬರ ಒಪ್ಪಂದ. ಗೊತ್ತಾದರೆ ಊರಿನವರು, ನಾವೂ ಬರ್ತೀವಿ ಅಂದಾರು. ಬೇಡ ಅನ್ನುವ ನಾಲಿಗೆ ಇಬ್ಬರಿಗೂ ಇರಲಿಲ್ಲ.

ಆದರೆ ಎಡವಟ್ಟು ಮಾಡಿದ್ದು ಅಣ್ಣ. ಹದಿನೈದು ದಿನಕ್ಕೊಮ್ಮೆ ಊರಿನಲ್ಲಿರುವ ತಮ್ಮ ಹಿರಿಯಣ್ಣನಿಗೆ ಕಾರ್ಡು ಬರೆಯುವುದು ಅವರ ಪದ್ಧತಿ. ಹಿರಿಯಣ್ಣನಿಗೆ ಹೇಳದೆ ಊರು ಬಿಡುವುದು ಹೇಗೆ? ಹೊರಡಲು ಹತ್ತು ದಿನವಿದ್ದಾಗ, ಬಹಳ ಹುಷಾರಿನಿಂದ, ಕೆರೆಯ ಮಾತೇ ಎತ್ತದೆ ಬರೆದರು. ಆಫೀಸಿನ ಕೆಲಸಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಹೊರಗೆ ಹೋಗುತ್ತಿದ್ದೇವೆ, ಇವಳೂ ಜೊತೆಗೆ ಬರುತ್ತಾಳೆ, ಮನೆ ಖಾಲಿ ಇರುತ್ತದೆ, ಚಾವಿ ಎದುರು ಮನೆಯ ತಂಗಿಯ ಹತ್ತಿರ. ಊರಿನಲ್ಲಿ ಆ ಕಾರ್ಡನ್ನು ಗಟ್ಟಿಯಾಗಿ ಓದಿದರಂತೆ. ಮನೆ ಖಾಲಿ, ಚಾವಿಯೂ ಇದೆ, ಯಾರಿಗೂ ತೊಂದರೆಯಿಲ್ಲದೆ ಮುಂಬಯಿ ನೋಡಲು ಇದಕ್ಕಿಂತ ಒಳ್ಳೇ ಸಮಯ ಯಾವುದು ಅಂತ ಹನ್ನೊಂದು ಜನ ಹೊರಟು ಬಂದರು. ಹೊರಡುವ ಹಿಂದಿನ ದಿನ ಮಧ್ಯಾಹ್ನ, ಹಿರಿಯಣ್ಣ, ಅವರ ಹೆಂಡತಿ, ಸೊಸೆಯಂದಿರು, ಕೂಸುಗಳು, ಮೆಟ್ಟಿಲು ಹತ್ತಿ ಬಂದು, "ನೀವು ಹೋಗ್ರಿ, ನಿಮ್ಮ ಕೆಲಸಾ ನೀವು ಮಾಡ್ರಿ, ನಾವು ಇರ್ತೀವಿ" ಅಂದರು.

ಹಿರಿಯರು ಮನೆಗೆ ಬಂದು ಕೂತಾಗ ಬಿಟ್ಟುಹೋಗುವ ಸೊಸೆ ಯಾರಿದ್ದಾರೆ? ವೈನಿ ಸ್ಟೋವ್ ಹಚ್ಚಿದರು. ಅಣ್ಣ ಆ ಮಧ್ಯಾಹ್ನ ಆಫೀಸಿಗೆ ಹೋಗಿ ಕ್ಯಾಬಿನ್ ಬೇಡ ಅಂತ ಬರೆದುಕೊಟ್ಟು ಬಂದರು. ನಾನಂತೂ ಸಿಟ್ಟಿನಿಂದ ಕುದ್ದುಹೋಗಿದ್ದೆ. ಮೈಸೂರಿನವಳಲ್ಲವೇ, ನನಗೇನು ದಾಕ್ಷಿಣ್ಯ. "ನೀವು ಹೋಗಿಯೇಬಿಡಬೇಕಿತ್ತು ವೈನಿ, ಅವರೇ ಅಂದರಲ್ಲ" ಅಂದೆ. ಅವರು ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. "ಮುಂದಿನ ವರ್ಷ ಅದನಲ್ಲ" ಅಂದರು.

ಮುಂದಿನ ವರ್ಷವೂ ಸಿಕ್ಕಿತು. ಅಣ್ಣನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಆ ಪಾಳಿ ನೋಡುವ ಸಾಹೇಬರು ಡಿಸೆಂಬರಿನ ಪಟ್ಟಿಯಲ್ಲಿ ಅವರ ಹೆಸರನ್ನು ಮತ್ತೆ ಸೇರಿಸಿದರು. ಈ ಸಲ ಊರಿಗೆ ಕಾರ್ಡಿಲ್ಲ. ತಿಂಡಿಯ ಡಬ್ಬಗಳೆಲ್ಲ ನಮ್ಮ ಮನೆಯ ಅಟ್ಟದ ಮೇಲೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎರಡೇ ಎರಡು ಇನಾಮಲ್ ಲೋಟ. ಅವರ ಮನೆಯಲ್ಲಿ ಹುರಿದರೆ ವಾಸನೆ ಹಿಡಿದು ಯಾರಾದರೂ ಕೇಳಿಯಾರು ಅಂತ ಗುರೆಳ್ಳನ್ನು ನಮ್ಮ ಅಡಿಗೆಮನೆಯಲ್ಲೇ ಹುರಿದರು. ನಾನು ಆಗ ಎಂಟು ತಿಂಗಳ ಬಸುರಿ. ಬಾಗಿಲಿಗೆ ಒರಗಿ ಕಾಲು ಚಾಚಿ ಕೂತು, ನಗಾಡುತ್ತಾ, ಈ ವಯಸ್ಸಿನಲ್ಲಿ ಓಡಿಹೋಗುವವರ ಹಾಗೆ ತಯಾರಿ ನಡೆಸಿದ್ದೀರಲ್ಲ ಅಂತ ಕಿಚಾಯಿಸಿದೆ.

ವೈನಿ ನಗಲಿಲ್ಲ. ಬಾಣಲೆ ಇಳಿಸಿದರು. ನನ್ನ ಪಕ್ಕ ಬಂದು ಕೂತು, ನನ್ನ ಕೈ ಹಿಡಿದು, ತಮ್ಮ ಕುಪ್ಪಸದ ಮೇಲೆ ಎಡ ಮಗ್ಗುಲಿಗೆ, ಕಂಕುಳ ಕೆಳಗೆ ಇಟ್ಟುಕೊಂಡರು. ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು. ನಾನು ಕೈ ಎಳೆದುಕೊಂಡೆ.

"ಕಡ್ಲಿಕಾಳಿನಷ್ಟಿತ್ತು. ಈಗ ನೆಲ್ಲಿಕಾಯಿಯಷ್ಟಾಗೇದ" ಅಂದರು. ಎರಡು ವರ್ಷದಿಂದ ಇದೆಯಂತೆ. ಹೋದ ವರ್ಷ ವಿಲೆ ಪಾರ್ಲೆಯ ಲೋಕಲ್‌ನಲ್ಲಿ ನಾನು ಹನಿಮೂನು ಅಂತ ರೇಗಿಸಿದಾಗಲೂ ಇತ್ತು. ದಿನಬೆಳಗಾದರೆ ಯಾರ್ಯಾರನ್ನೋ ಆಸ್ಪತ್ರೆಗೆ ಕರೆದೊಯ್ಯುವವರು, ತಾವೊಮ್ಮೆ ಡಾಕ್ಟರ ಮುಂದೆ ಕೂರಬಾರದೇ? ಕೇಳಿದೆ, ಬೈದೆ ಅಂತಲೇ ಹೇಳಬೇಕು. ಅಣ್ಣನಿಗೆ ಗೊತ್ತಾ ಅಂದೆ. ಇಲ್ಲ ಅಂತ ತಲೆಯಾಡಿಸಿದರು.

ಆಗ ಹೇಳಿದರು. ಅಣ್ಣನ ತಾಯಿ ಹೋದದ್ದು ಇದೇ ರೋಗದಿಂದ. ಅಣ್ಣನಿಗೆ ಆಗ ಹನ್ನೆರಡೋ ಹದಿಮೂರೋ. ಹುಣ್ಣು ತೊಳೆದು ಬಟ್ಟೆ ಕಟ್ಟುತ್ತಿದ್ದದ್ದು ಅವರೇ. ಇವತ್ತಿಗೂ ತಾಯಿಯ ತಿಥಿಯ ದಿನ ಅವರು ಒಂದು ಮಾತೂ ಆಡುವುದಿಲ್ಲ. "ಅವರಿಗೆ ಹೇಳದs ನಾ ದವಾಖಾನಿ ಮೆಟ್ಟಿಲಾ ಹತ್ತೂದಿಲ್ಲ. ಹೇಳಿದ್ರ ಅವರು ಅಳ್ತಾರ ತಂಗಿ, ಸಣ್ಣ ಕೂಸಿನ್ಹಂಗ ಅಳ್ತಾರ. ಅಳಲಿಕ್ಕೆ ಒಂದು ಜಾಗಾ ಬೇಕಲ್ಲ. ಈ ಮನ್ಯಾಗ ಎಲ್ಲೆ ಅದ ಜಾಗಾ?" ಅಂದರು. ಆಚೆ ಕರೆದುಕೊಂಡು ಹೋಗಿ ಹೇಳಿ, ಪಾರ್ಕಿನಲ್ಲಿ ಹೇಳಿ, ಸಮುದ್ರದ ಹತ್ತಿರ ಹೇಳಿ ಅಂದೆ. ಅಷ್ಟು ಜನರ ನಡುವೆ ಗಂಡಸನ್ನು ಕೂಡಿಸಿಕೊಂಡು ಅಳಿಸುವುದೇ ಅಂತ ನನ್ನನ್ನೇ ಕೇಳಿದರು. ಮರದ ಮನೆಗೆ ಹೋಗುವುದು, ಮೊದಲ ದಿನ ಸುಮ್ಮನಿರುವುದು, ಎರಡನೇ ದಿನ ಹೇಳುವುದು, ಉಳಿದೆರಡು ದಿನ ಅವರು ಅತ್ತು ಸುಧಾರಿಸಿಕೊಳ್ಳುವುದು, ವಾಪಸು ಬಂದ ಮಾರನೇ ದಿನ ಪರೇಲಿನ ದೊಡ್ಡಾಸ್ಪತ್ರೆಗೆ. ಎಲ್ಲ ಲೆಕ್ಕ ಹಾಕಿಟ್ಟಿದ್ದರು.

ಆಮೇಲೆ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟು, ಈ ಕೂಸಿನ ಆಣೆ, ಅವರಿಗೆ ನಾನು ಹೇಳುವವರೆಗೆ ನೀನು ಬಾಯಿ ಬಿಡಬಾರದು ಅಂದರು. ಚೊಚ್ಚಲ ಬಸುರಿ ನಾನು. ಆ ಆಣೆಗೆ ಹೆದರಿ ಹೂಂ ಅಂದೆ. ಇನ್ನು ಆರೇ ದಿನವಲ್ಲವೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹೊರಡುವ ದಿನ ಬಂತು. ನಮ್ಮವರು ನಾಗಪುರದ ಟೂರಿನಲ್ಲಿದ್ದರು. ನನ್ನ ಅಮ್ಮ ಮೈಸೂರಿನಿಂದ ಮುಂದಿನ ವಾರ ಬರುವವಳು. ಆ ನಾಲ್ಕು ದಿನ ನನ್ನನ್ನು ನೋಡಿಕೊಳ್ಳಲು ವೈನಿ ಎರಡನೇ ಮಾಳಿಗೆಯ ಮರಾಠಿ ಆಜಿಗೆ ಹೇಳಿಟ್ಟಿದ್ದರು. ಆಜಿ ರಾತ್ರಿ ನನ್ನ ಜೊತೆಯೇ ಮಲಗುವುದು ಅಂತ ಮಾತಾಗಿತ್ತು. ಇಷ್ಟೆಲ್ಲ ವ್ಯವಸ್ಥೆ ಮಾಡಿದ್ದರು, ಅದನ್ನು ನಾನು ಮರೆಮಾಚಬಾರದು. ನನ್ನ ಪಾಲಿಗೆ ಯಾವ ನೆಪವೂ ಇರಲಿಲ್ಲ.

ಬೆಳಿಗ್ಗೆ ಆರು ಗಂಟೆಗೆ ಅಣ್ಣ ಟ್ಯಾಕ್ಸಿ ತರಲು ಕೆಳಗೆ ಇಳಿದರು. ದಾದರಿನಿಂದ ರೈಲು. ವೈನಿ ಹಸಿರು ಇಳಕಲ್ ಸೀರೆ ಉಟ್ಟು, ತೋಳಿನ ಮೇಲೆ ಸ್ವೆಟರು ಹಾಕಿಕೊಂಡು, ನಮ್ಮ ಅಟ್ಟದಿಂದ ಡಬ್ಬಗಳನ್ನು ಇಳಿಸಿ ಚೀಲಕ್ಕೆ ತುಂಬಿದರು. ಆಮೇಲೆ ಪ್ಯಾಸೇಜಿಗೆ ಹೋಗಿ ತಮ್ಮ ಬಾಗಿಲು ಎಳೆದು ಬೀಗ ಹಾಕಿದರು. ಒಳಗಿದ್ದ ಕೊನೆಯ ನೆಂಟರು ಹಿಂದಿನ ರಾತ್ರಿಯಷ್ಟೇ ಊರಿನ ಗಾಡಿ ಹತ್ತಿದ್ದರು. ಆ ಬಾಗಿಲಿಗೆ ಬೀಗ ಬಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಬಂದಾಗಿನಿಂದ ಹಗಲೆಲ್ಲ ತೆರೆದೇ ಇದ್ದ ಬಾಗಿಲು, ಯಾವಾಗಲೂ ಒಳಗಿಂದ ಯಾರದೋ ಮಾತು, ಒಗ್ಗರಣೆಯ ಸದ್ದು... ಈಗ ಒಂದು ಹಿತ್ತಾಳೆ ಬೀಗ ತೂಗುತ್ತಿತ್ತು. ಅದನ್ನು ನೋಡುತ್ತಲೇ ನನ್ನೊಳಗೆ ಭಯ ಹೊಕ್ಕಿತು. ಈ ನಾಲ್ಕು ದಿನದಲ್ಲಿ ಹೆರಿಗೆ ಬಂದರೆ? ಕೂಸು ಅಡ್ಡಡ್ಡ ತಿರುಗಿದ್ದರೆ? ಆ ಆಜಿಗೆ ನನ್ನ ಮಾತು ಅರ್ಥವಾಗದಿದ್ದರೆ? ಚಾವಿ ಕೊಡಲು ವೈನಿ ಕೈ ಚಾಚಿದರು. ನಾನು ಚಾವಿ ತೆಗೆದುಕೊಳ್ಳದೆ ಹೊಟ್ಟೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟೆ.

"ವೈನಿ, ಯಾಕೋ ನೋವು" ಅಂದೆ.

ನೋವು ಇರಲಿಲ್ಲ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಸೊಂಟದಲ್ಲಿ ಹಿಡಿದ ಹಾಗಿತ್ತು, ಕಾಲು ಭಾರವಾಗಿತ್ತು, ಅದೆಲ್ಲ ತಿಂಗಳಿನಿಂದ ಇದ್ದದ್ದೇ. ನೋವು ಅನ್ನುವಂಥದ್ದು ಇರಲಿಲ್ಲ. ಅವರು ಹೋಗಬಾರದು, ಅಷ್ಟೇ ನನಗೆ ಬೇಕಿದ್ದದ್ದು. ಅವರು ಯಾಕೆ ಹೊರಟಿದ್ದಾರೆ ಅನ್ನುವುದು ಇಡೀ ಬಿಲ್ಡಿಂಗಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ ಆ ಮಾತು ನನ್ನ ಬಾಯಿಂದ ಬಂತು.

ವೈನಿ ಚೀಲ ಕೆಳಗಿಟ್ಟು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಎಷ್ಟೋ ಹೆರಿಗೆ ನೋಡಿದ ಕೈ ಅದು. ಬಹಳ ಹೊತ್ತು ಇಟ್ಟುಕೊಂಡೇ ಇದ್ದರು, ನನ್ನ ಮುಖವನ್ನೇ ನೋಡುತ್ತಾ. ನಾನು ಕಣ್ಣು ಮುಚ್ಚಿಕೊಂಡೆ. ಕೆಳಗೆ ಟ್ಯಾಕ್ಸಿಯ ಹಾರ್ನು ಕೇಳಿಸಿತು. ಅವರು ಎದ್ದು ಮೆಟ್ಟಿಲ ಕಟಾಂಜನದ ಹತ್ತಿರ ಹೋಗಿ ಬಗ್ಗಿ ಗಂಡನಿಗೆ, "ಟ್ಯಾಕ್ಸಿ ಬಿಡಬ್ಯಾಡ್ರಿ, ದವಾಖಾನಿಗೆ ಹೋಗೋದದ" ಅಂದರು. ದಾದರಿಗೆ ಹೋಗಬೇಕಿದ್ದ ಟ್ಯಾಕ್ಸಿ ಹೆರಿಗೆ ಆಸ್ಪತ್ರೆಗೆ ಹೋಯಿತು.

ಡಾಕ್ಟರಮ್ಮ ನೋಡಿ, ಏನೂ ಇಲ್ಲ, ಇನ್ನೂ ಮೂರು ವಾರವಿದೆ, ಮನೆಗೆ ಹೋಗಿ ಮಲಗು ಅಂದರು. ಆಸ್ಪತ್ರೆಯ ಬೆಂಚಿನ ಮೇಲೆ ವೈನಿ ಆ ಇಳಕಲ್ ಸೀರೆಯಲ್ಲೇ ಕೂತಿದ್ದರು, ಪಕ್ಕದಲ್ಲಿ ಮಡಿಸಿದ ಸ್ವೆಟರು. ಹೇಗೂ ಬಂದಿದ್ದೀರಲ್ಲ ವೈನಿ, ಇಲ್ಲೇ ಒಮ್ಮೆ ತೋರಿಸಿ ಅಂದೆ. ಅವರು ನನ್ನ ಸೆರಗು ಸರಿಮಾಡಿ, ನಡಿ, ಬಿಸಿಲೇರ್ತದ ಅಂದರು. ಮನೆಗೆ ಬಂದಾಗ ಹನ್ನೊಂದು ಗಂಟೆ. ರೈಲು ಹೋಗಿ ಬಹಳ ಹೊತ್ತಾಗಿತ್ತು. ನಾಳೆ ಹೋಗಿ, ಇನ್ನೂ ಮೂರು ದಿನವಿದೆಯಲ್ಲ ಅಂತ ನಾನೇ ಗೋಗರೆದೆ. ಅಣ್ಣನೂ ಹೂಂ ಅಂದರು. ಆದರೆ ಬೀಗ ತೆಗೆದಾಗಿತ್ತು. ಸಂಜೆ ಐದಕ್ಕೆ ಅಣ್ಣನ ಚಿಕ್ಕಪ್ಪನ ಮಗ, ತನ್ನ ಅಪ್ಪನ ಕೈ ಹಿಡಿದುಕೊಂಡು, ಕಣ್ಣಿನ ಪೊರೆ ತೆಗೆಸಬೇಕು ಅಂತ ಬಾಗಿಲಲ್ಲಿ ನಿಂತಿದ್ದ. ನಾವು ಅರ್ಧ ದಿನ ತಡವಾಗಿ ಬಂದಿದ್ದರೂ ಅವನು ಬೀಗ ನೋಡಿ ಬೇರೆ ಯಾರ ಮನೆಗಾದರೂ ಹೋಗುತ್ತಿದ್ದ...

ಮೂರು ವಾರಕ್ಕೆ ಸರಿಯಾಗಿ ಮಗ ಹುಟ್ಟಿದ. ಅಮ್ಮನಿಗಿಂತ ಹೆಚ್ಚಾಗಿ ಬಾಣಂತನ ಮಾಡಿದ್ದು ವೈನಿ. ದಿನಾ ಬಂದು ಕಾಲು ಚಾಚಿ ಕೂತು ಕೂಸಿಗೆ ಎರೆಯುತ್ತಿದ್ದರು. ಒಂದು ದಿನ ಎಡಗೈಯಿಂದ ಚೊಂಬು ಎತ್ತಲು ಹೋಗಿ ಎತ್ತಲಾಗದೆ ನನ್ನ ಕಡೆ ನೋಡಿದರು. ತೋಳು ಬಾತಿತ್ತು. ನಾನು ಚೊಂಬು ಇಸಿದುಕೊಂಡೆ. ಆಣೆ ಹೊಟ್ಟೆಯಲ್ಲಿದ್ದ ಕೂಸಿನದ್ದಾಗಿತ್ತು, ಈಗ ಅದೇ ಕೂಸು ಅವರ ಕಾಲ ಮೇಲೆ ಕೈಕಾಲು ಬಡಿಯುತ್ತಿತ್ತು. ಹೇಗೆ ಬಾಯಿ ಬಿಡಲಿ? ಮುಂದಿನ ಡಿಸೆಂಬರಿಗೆ ಮತ್ತೆ ಅರ್ಜಿ ಹಾಕ್ಯಾರ ಅಂತ ಅವರೇ ಒಮ್ಮೆ ಹೇಳಿದರು. ಆಗ ಇನ್ನೂ ಹೋಳಿಯೂ ಆಗಿರಲಿಲ್ಲ.

ಏಪ್ರಿಲ್‌ನಲ್ಲಿ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಅಣ್ಣ ಪ್ಯಾಸೇಜಿನಲ್ಲಿ ನೀರಿನ ಬಕೆಟ್ಟು ತರುತ್ತಿದ್ದರು. ಮಗನನ್ನು ತೊಟ್ಟಿಲಲ್ಲಿ ಹಾಕಿ, ಅವನ ತಲೆ ಮುಟ್ಟಿ, ದೇವರೇ ಆಣೆ ನನ್ನ ಮೇಲೆ ಬರಲಿ ಅಂದುಕೊಂಡು ಹೊರಗೆ ಹೋಗಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅಣ್ಣ ಅಳಲಿಲ್ಲ. ಒಳಗೆ ನಾಲ್ಕು ಜನ ನೆಂಟರು ಚಹಾ ಕುಡಿಯುತ್ತಿದ್ದರು. ಬಕೆಟ್ಟನ್ನು ಒಳಗೆ ಒಯ್ದು ಇಟ್ಟು, ಅಂಗಿ ತೊಟ್ಟು, ವೈನಿಯನ್ನು ಕರೆದುಕೊಂಡು ಪರೇಲಿಗೆ ಹೋದರು. ಅಲ್ಲಿ ಡಾಕ್ಟರು, ಒಂದು ವರ್ಷ ಮೊದಲು ಬರಬೇಕಿತ್ತು ಅಂದರಂತೆ.

ಆಸ್ಪತ್ರೆಗೆ ನಾನು ವಾರಕ್ಕೆರಡು ಸಲ ಹೋಗುತ್ತಿದ್ದೆ. ಉದ್ದನೆಯ ವಾರ್ಡು, ಎರಡು ಸಾಲು ಮಂಚ. ಅವರ ಮಂಚದ ಸುತ್ತ ಯಾವಾಗಲೂ ಊರಿನವರು. ಇವರು ಕರೆದುಕೊಂಡು ಬಂದು ಗುಣಮಾಡಿಸಿ ಕಳಿಸಿದವರೇ ಹಣ್ಣು ಹಿಡಿದುಕೊಂಡು ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಅಣ್ಣ ಕಾಲುಗಡೆ ನಿಂತಿರುತ್ತಿದ್ದರು. ಒಂದು ದಿನ ನನಗೆ ಸ್ಟೂಲು ಸಿಕ್ಕಿತು. ಆಣೆ ಮುರಿದದ್ದಕ್ಕೆ ಏನೆನ್ನುತ್ತಾರೋ ಅಂತ ತಲೆ ತಗ್ಗಿಸಿ ಕೂತಿದ್ದೆ. ವೈನಿ ಬಲಗೈಯಿಂದ ನನ್ನ ಗಲ್ಲ ಎತ್ತಿ, "ಕೂಸಿಗೆ ಏನೂ ಆಗೂದಿಲ್ಲ, ಹೆದರಬ್ಯಾಡ. ಆ ಆಣೆ ನಾ ಹಿಂದಕ್ಕ ತಗೊಂಡೀನಿ" ಅಂದರು. ಆಗ ನಾನು ಹೇಳಬೇಕಿತ್ತು. ಆ ಬೆಳಿಗ್ಗೆ ನನಗೆ ನೋವಿರಲಿಲ್ಲ ವೈನಿ, ಅಂತ. ಅಷ್ಟರಲ್ಲಿ ಯಾರೋ ಎಳನೀರು ಹಿಡಿದುಕೊಂಡು ಬಂದರು, ನಾನು ಸ್ಟೂಲು ಬಿಟ್ಟುಕೊಟ್ಟೆ.

ಶ್ರಾವಣದಲ್ಲಿ ಹೋದರು. ಮೂವತ್ತಾರು ವರ್ಷ.

ಹದಿಮೂರನೇ ದಿನದ ಊಟ ಮುಗಿದ ಮೇಲೆ ಅಣ್ಣ ನಮ್ಮ ಬಾಗಿಲಿಗೆ ಬಂದರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಪ್ಯಾಸೇಜಿನಲ್ಲೇ ನಿಂತು, ಬಹಳ ದಿನದಿಂದ ಕೇಳಬೇಕು ಅಂದುಕೊಂಡದ್ದನ್ನು ಕೇಳುವವರ ಹಾಗೆ, "ಮನ್ಯಾಗs ಹೇಳಬಹುದಿತ್ತಲ್ಲ ತಂಗಿ? ಒಂದು ಮಾತು. ಯಾಕ ಹೇಳಲಿಲ್ಲ ಆಕಿ?" ಅಂದರು. ನಾನು ಅವರ ಹೆಗಲಾಚೆ ನೋಡಿದೆ. ತೆರೆದ ಬಾಗಿಲೊಳಗೆ ಖೋಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾತಾಡಿಸಿ ಹೋಗಲು ಬಂದವರು ಉಳಿದುಕೊಂಡಿದ್ದರು. ಯಾರೋ ನೀರು ಕೇಳಿದರು. ಅಣ್ಣ ನನ್ನ ಉತ್ತರಕ್ಕೆ ಕಾಯದೆ, ಬಂದೆ ಅಂತ ಒಳಗೆ ಹೋದರು. ಅವರು ಅತ್ತದ್ದನ್ನು ನಾನು ನೋಡಲೇ ಇಲ್ಲ. ವರ್ಷದೊಳಗೆ ಕೆಲಸ ಬಿಟ್ಟು ಊರಿಗೆ ಹೋದರು. ನಾವೂ ಆಮೇಲೆ ಗೋರೆಗಾಂವಿಗೆ ಬಂದೆವು.

ಆ ದಿನ ಹೊಟ್ಟೆಯಲ್ಲಿದ್ದ ನನ್ನ ಮಗನಿಗೆ ಈಗ ಐವತ್ತು ದಾಟಿದೆ. ಸೊಸೆಗೂ ಅವನಿಗೂ ಬೇರೆ ಬೇರೆ ಶಿಫ್ಟು, ಒಂದೇ ಮನೆಯಲ್ಲಿದ್ದು ಒಬ್ಬರ ಮುಖ ಒಬ್ಬರು ನೋಡುವುದು ಭಾನುವಾರ. ಕೆಲವು ದಿನದಿಂದ ಇಬ್ಬರ ನಡುವೆ ಏನೋ ಬಿಗುವು, ನಾನು ಕೇಳಿಲ್ಲ. ಹೋದ ವಾರ ಸೊಸೆ ಫೋನಿನಲ್ಲೇ ಘಾಟಿಯ ಮೇಲಿನ ಒಂದು ಕೆರೆಯ ಹತ್ತಿರ ಮರದ ಕಾಟೇಜು ಹಿಡಿದಳು. ಮೂರು ದಿನಕ್ಕೆ. ಅಮ್ಮ, ನಿಮಗೂ ಒಂದು ಮಂಚ ಹೇಳಿದ್ದೀನಿ ಅಂದಳು. ನಾನು ಬರಲ್ಲ ಅಂದೆ. ಒಬ್ಬಳೇ ಹೇಗಿರ್ತೀಯ ಅಂತ ಮಗ ಜಗಳಕ್ಕೇ ಬಂದ. ನಾನೂ ಬಿಡಲಿಲ್ಲ.

ನಿನ್ನೆ ಬೆಳಿಗ್ಗೆ ಅವರು ಹೊರಡುವ ಹೊತ್ತಿಗೆ ಎದ್ದು ನಿಂತೆ, ತಲೆ ಗಿರ್ರೆಂದಿತು. ಗೋಡೆ ಹಿಡಿದುಕೊಂಡೆ. ಈ ಸಲ ನಿಜವಾಗಿಯೂ ಕಣ್ಣು ಕತ್ತಲೆ ಬಂದಿತ್ತು, ಎದೆಯೂ ಹೊಡೆದುಕೊಳ್ಳುತ್ತಿತ್ತು. ಮಗ ಬಾಗಿಲಲ್ಲಿ ಚೀಲ ಹಿಡಿದು ತಿರುಗಿ, "ಏನಾಯ್ತಮ್ಮಾ?" ಅಂದ.

"ಏನಿಲ್ಲ, ನೀವಿಬ್ಬರೂ ಹೊರಡಿ" ಅಂದೆ.

ಲಿಫ್ಟು ಕೆಳಗೆ ಹೋದ ಸದ್ದು ಕೇಳಿದ ಮೇಲೆ ಕುರ್ಚಿಯಲ್ಲಿ ಕೂತು ಅತ್ತೆ. ಆ ಬೆಳಿಗ್ಗೆ ಹೊಸ್ತಿಲಲ್ಲಿ ವೈನಿಗೂ ನಾನು ಹೇಳಬೇಕಿದ್ದದ್ದು ಈ ಮೂರು ಮಾತು, ಅಷ್ಟೇ.